ದೋಣಿಕಟ್ಟೆಯ ಮೆಟ್ಟಿಲಲ್ಲಿ ಒಂದು ಜೊತೆ ಚಪ್ಪಲಿ

"ಹಿಂದ ಹೊಳ್ಳಿ ನೋಡೇ ಇಲ್ಲ ಅಂತೀರಿ. ಹಂಗಾದ್ರ ಪರಶಪ್ಪ ನಿಮ್ಮ ಹಿಂದ ಬರಾಕತ್ತಿದ್ದ ಅಂತ ನಿಮಗ ಹ್ಯಾಂಗ ಗೊತ್ತಾತು, ಚಾಚಾ?"

ಕಾಶೀಂಸಾಬರು ನಮ್ಮೂರ ಮೊಹರಮ್ಮಿನಲ್ಲಿ ದೇವರ ಪಂಜಾ, ಅಂದರೆ ಲೋಹದ ಹಸ್ತ, ಹಿಡಿಯುವವರು. ಮಸೂತಿಯ ಕಟ್ಟೆಯ ಮೇಲೆ ಕೂತು, ಅಲಾಯಿ ದೇವರಿಗೆ ಉಡಿಸಿದ್ದ ಹಸಿರು ಬಟ್ಟೆಗಳನ್ನು ಒಗೆದು ಒಣಗಿಸಿ ಮಡಚುತ್ತಿದ್ದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. ಇಂಥ ಹಿರಿಯರನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಪ್ರಶ್ನೆ ಕೇಳುವುದು ನನಗೇನು ಖುಷಿಯ ಕೆಲಸವಲ್ಲ. ಆದರೆ ಸುಳ್ಳು ಹೇಳಲು ಬಾರದವರು ಸುಳ್ಳು ಹೇಳಿದಾಗ ನನಗೆ ಸಿಟ್ಟೂ ಬರುತ್ತದೆ, ಕನಿಕರವೂ ಬರುತ್ತದೆ.

"ಹನುಮಪ್ಪನವರ, ನೀವೂ ಇದ ಊರಾಗ ಬೆಳದವ್ರು," ಅಂದರು ಕಡೆಗೆ. "ಪಂಜಾ ಕಾಲುವ್ಯಾಗ ತೊಳದು, ಬಟ್ಟ್ಯಾಗ ಸುತ್ತಿದ ಮ್ಯಾಲೆ ಮಸೂತಿ ಮುಟ್ಟೋತನಕ ಯಾರೂ ಹಿಂದ ನೋಡಂಗಿಲ್ಲ. ನಮ್ಮಜ್ಜನ ಕಾಲದಿಂದ ಬಂದ ಪದ್ಧತಿ."

"ಅದನ್ನ ನಾನೂ ಹೇಳೋದು. ಮತ್ತ ಠಾಣೆಗೆ ಬಂದು, ಪರಶಪ್ಪ ನಮ್ಮ ಸಂಗಾಟ ಮಸೂತಿತನಕ ಬಂದ ಅಂತ ಯಾಕ ಹೇಳಿದ್ರಿ?"

"ಪ್ರತಿ ವರ್ಷ ಬರ್ತಿದ್ದ. ನಾನು ಮುಂದ, ಅವ ಹಿಂದ. ಹಿಂದ ಹೆಜ್ಜಿ ಸಪ್ಪಳ ಕೇಳತಿತ್ತು. ಅವನ ಅಂತ ತಿಳಕೊಂಡೆ." ಮುದುಕರು ಬಟ್ಟೆ ಮಡಚುವುದನ್ನು ಬಿಟ್ಟರು. "ಹೆಜ್ಜಿ ಸಪ್ಪಳ ಎಲ್ಲಾರದೂ ಒಂದ ಇರ್ತೈತಿ, ಸಾಹೇಬ್ರ. ಒಮ್ಮೆರೆ ಹೊಳ್ಳಿ ನೋಡಬೇಕಿತ್ತು. ದೇವರು ಸಿಟ್ಟಾದ್ರ ಆಗಲಿ, ನೋಡಬೇಕಿತ್ತು."

"ದಾರ್‍ಯಾಗ ಯಾರರೆ ಪರಶಪ್ಪ ಎಲ್ಲಿ ಅಂತ ಕೇಳಿದ್ರೇನು?"

"ಕೇಳಿದ್ರು. ಹಿಂದ ಬರಾಕತ್ಯಾನ ಅಂತ ಹೇಳಿದೆ."

"ಯಾರು ಕೇಳಿದ್ರು?"

"ನೆನಪಿಲ್ಲ."

ಪಂಜಾಗಳಿಗೆ ಯಾವ ವರ್ಷ ಯಾರು ಯಾವ ಬಣ್ಣದ ಬಟ್ಟೆ ಕೊಟ್ಟರು ಎಂಬುದನ್ನು ಬಾಯಿಪಾಠ ಒಪ್ಪಿಸುವ ಮನುಷ್ಯ ಇವರು. ನೆನಪಿಲ್ಲವಂತೆ. ನಾನು ಒತ್ತಾಯ ಮಾಡಲಿಲ್ಲ. ನನಗೆ ಬೇಕಾದದ್ದು ಆಗಲೇ ಸಿಕ್ಕಿತ್ತು.

ಪರಶಪ್ಪ ನಮ್ಮೂರ ಕಾಲುವೆಯ ಗೇಟು ಎತ್ತಿ ಇಳಿಸುವವನು. ಹಬ್ಬದ ಕೊನೆಗೆ ದೇವರು ನೀರಿಗೆ ಹೋದ ಮರುದಿನ ಬೆಳಿಗ್ಗೆ ಹೊಸ ಕಾಲ್ಸೇತುವೆಯ ಕೆಳಗೆ ಅವನ ಹೆಣ ಸಿಕ್ಕಿತ್ತು, ಅವನ ಚಪ್ಪಲಿ ದೋಣಿಕಟ್ಟೆಯ ಮೆಟ್ಟಿಲ ಮೇಲೆ ಜೋಡಿಸಿಟ್ಟಂತೆ ಇದ್ದವು.

ದಡದಲ್ಲಿ ಚಪ್ಪಲಿ, ನೀರಿನಲ್ಲಿ ಹೆಣ. ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಕರಾವಳಿ ಕಡೆಯವರು, ಓದಿದವರು, ಕೆಟ್ಟವರೇನಲ್ಲ. "ಇದರಲ್ಲಿ ಹುಡುಕುವುದಕ್ಕೆ ಏನಿದೆ ಹನುಮಪ್ಪ? ಮಸೂತಿಯಿಂದ ಹೊರಳಿ ಬಂದಿದ್ದಾನೆ, ಚಪ್ಪಲಿ ಬಿಟ್ಟಿದ್ದಾನೆ, ಹಾರಿದ್ದಾನೆ" ಅಂದಿದ್ದರು. ಬರುವ ಭಾನುವಾರ ಮಂತ್ರಿಗಳು ಬಂದು ಸೇತುವೆಯ ರಿಬ್ಬನ್ ಕತ್ತರಿಸುವವರಿದ್ದರು. ಅಷ್ಟರೊಳಗೆ ಈ ಸಾವಿನ ಕಥೆ ಮುಗಿಯಬೇಕಿತ್ತು.

ಅಲಾಯಿಯ ದಿನಗಳಲ್ಲಿ ನನ್ನನ್ನು ಗಜೇಂದ್ರಗಡಕ್ಕೆ ಬಂದೋಬಸ್ತಿಗೆ ಹಾಕಿದ್ದರು. ಇಲ್ಲೇ ಇದ್ದಿದ್ದರೆ ಅವತ್ತೇ ಹೇಳುತ್ತಿದ್ದೆ. ಪರಶಪ್ಪ ಪ್ರತಿ ವರ್ಷ ಹರಕೆ ಹೊತ್ತು ಫಕೀರನಾಗುತ್ತಿದ್ದ. ಕೊರಳಿಗೆ ಹರಕೆಯ ಕೆಂಪು ದಾರದ ಲಾಡಿ ಬಿದ್ದ ದಿನದಿಂದ ದೇವರು ನೀರಿಗೆ ಹೋಗುವವರೆಗೆ ಫಕೀರನಾದವನು ಮಂಚದ ಮೇಲೆ ಮಲಗುವುದಿಲ್ಲ, ಕಾಲಿಗೆ ಚಪ್ಪಲಿ ಹಾಕುವುದಿಲ್ಲ. ಹಾಗಿದ್ದ ಮೇಲೆ ಆ ಚಪ್ಪಲಿ ಕಾಲುವೆಗೆ ಬಂದದ್ದು ಯಾರದೋ ಕೈಯಲ್ಲಿ, ಅವನ ಕಾಲಲ್ಲಿ ಅಲ್ಲ.

ಈಗ ಚಾಚಾ ಇನ್ನೊಂದು ಗಂಟು ಬಿಚ್ಚಿದ್ದರು. ಪರಶಪ್ಪ ಮಸೂತಿಗೆ ಬಂದೇ ಇರಲಿಲ್ಲ. ಮಂದಿ ಹೋದ ಮೇಲೂ ಕಾಲುವೆಯಲ್ಲೇ ಉಳಿದಿದ್ದ.

ಯಾಕೆ?

ನಾನೂ ಕಾನ್‌ಸ್ಟೇಬಲ್ ಮೋದಿನಸಾಬನೂ ಕಾಲುವೆಗೆ ಬಂದೆವು. ನಮ್ಮೂರ ನಡುವೆ ಹಾದು ಹೋಗುವ ಈ ಕಾಲುವೆಯನ್ನು ಹೋದ ವರ್ಷದವರೆಗೆ ಮೂಗು ಮುಚ್ಚಿಕೊಳ್ಳದೆ ಯಾರೂ ದಾಟಿದವರಲ್ಲ. ಊರ ಕಸ, ಸತ್ತ ಕೋಳಿ, ಹರಿದ ಗಾದಿ, ಎಲ್ಲದಕ್ಕೂ ಇದೇ ಜಾಗ. ಈಗ ನೋಡಿದರೆ ಕಲ್ಲಿನ ಮೆಟ್ಟಿಲು, ಸಾಲು ದೀಪ, ಪೇಟೆಯಿಂದ ದವಾಖಾನೆ ಕಡೆಗೆ ದಾಟಲು ನೀಲಿ ಬಣ್ಣದ ಕಬ್ಬಿಣದ ಕಾಲ್ಸೇತುವೆ. ಸೇತುವೆಯ ಪಕ್ಕ ದೋಣಿಕಟ್ಟೆ. ಅಲ್ಲಿ ಲಾರಿಯಲ್ಲಿ ಬಂದಿಳಿದ ಎರಡು ತುಳಿಯುವ ದೋಣಿಗಳು, ಹಂಸದ ಆಕಾರದವು, ಕೆಂಪು ತುಟಿ ಬಳಿದುಕೊಂಡು ನಿಂತಿದ್ದವು.

ಎರೆ ಹೊಲದಲ್ಲಿ ಹುಟ್ಟಿ, ದೋಣಿಯನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡ ಮಂದಿ ನಾವು. ಊರಲ್ಲಿ ಈಜು ಬರುವವರನ್ನು ಹುಡುಕಲು ಡಂಗುರ ಹೊಡೆಸಬೇಕು. ಆದರೂ ಸುಳ್ಳು ಯಾಕೆ ಹೇಳಲಿ, ನನಗೆ ಇದೆಲ್ಲ ಇಷ್ಟವಾಗಿತ್ತು. ಬಸುರಿ ಹೆಂಗಸರು ರಾಡಿ ತುಳಿಯದೆ ದವಾಖಾನೆಗೆ ಹೋಗುವಂತಾಗಿದ್ದು ಸಣ್ಣ ಮಾತಲ್ಲ.

ಇಷ್ಟವಾಗದೇ ಇದ್ದವನು ಪರಶಪ್ಪ ಒಬ್ಬನೇ. ಸೇತುವೆ ಬೇಡ ಅನ್ನಲಿಲ್ಲ ಅವನು. ದೋಣಿ ಬೇಡ ಅಂದ. ದೋಣಿ ತೇಲಬೇಕೆಂದರೆ ಊರೊಳಗೆ ನೀರು ಕಟ್ಟಿ ನಿಲ್ಲಿಸಬೇಕು, ನಿಲ್ಲಿಸಿದರೆ ಅಸೂಟಿ ಕಡೆಯ ಹೊಲಗಳಿಗೆ ನೀರು ಹೊತ್ತಿಗೆ ಮುಟ್ಟುವುದಿಲ್ಲ ಅಂತ ಸಭೆಯಲ್ಲಿ ಎದ್ದು ನಿಂತು ಹೇಳಿದ್ದ. ಅದರಿಂದ ಅವನಿಗೆ ವಿರೋಧಿಗಳು ಹುಟ್ಟಿಕೊಂಡಿದ್ದರು. ದೋಣಿಯ ಗುತ್ತಿಗೆ ಹಿಡಿದವನು ಅವರಲ್ಲಿ ಮೊದಲಿಗ. ನನ್ನ ಸಂಶಯ ಅಲ್ಲಿಯವರೆಗೆ ಅವನ ಸುತ್ತಲೇ ತಿರುಗುತ್ತಿತ್ತು.

"ಸಾಹೇಬ್ರ, ಇಲ್ಲಿ ಬರ್ರಿ," ಮೋದಿನಸಾಬ ಸೇತುವೆಯ ಕೆಳಗಿನಿಂದ ಕೂಗಿದ.

ಅವತ್ತು ಬೆಳಿಗ್ಗೆಯೇ ಇಲಾಖೆಯವರಿಗೆ ಹೇಳಿ ಮೇಲಿನಿಂದಲೇ ನೀರು ನಿಲ್ಲಿಸಿದ್ದೆ. ಮೊಳಕಾಲುದ್ದ ನೀರಿನಲ್ಲಿ ಮೋದಿನಸಾಬ ಪ್ಯಾಂಟು ಮಡಚಿ ನಿಂತಿದ್ದ. ದೋಣಿಗಳಿಗೆ ಕಸ ಅಡ್ಡ ಬರಬಾರದೆಂದು ಸೇತುವೆಯ ಬುಡಕ್ಕೆ ಹೊಸದಾಗಿ ಕಬ್ಬಿಣದ ಜಾಳಿಗೆ ಹಾಕಿದ್ದರು. ಅದಕ್ಕೆ ಚೆಂಡುಹೂ, ಸಬ್ಜಾ ಸೊಪ್ಪು, ತೆಂಗಿನ ಚಿಪ್ಪು, ಹರಿದ ಲಾಡಿಗಳು ಮೆತ್ತಿಕೊಂಡಿದ್ದವು. ಅವುಗಳ ನಡುವೆ, ಕಂಬಿಗೆ ಸಿಕ್ಕಿಕೊಂಡು, ಉದ್ದನೆಯ ಬಿದಿರಿನ ಕೊಕ್ಕೆ.

ಆ ಕೊಕ್ಕೆ ನನಗೆ ಗೊತ್ತು. ಗೇಟಿಗೆ ಸಿಕ್ಕ ಕಸ ಎಳೆಯಲು ಪರಶಪ್ಪ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದದ್ದು ಇದೇ.

ಕಂಬಿಗಳ ನಡುವೆ ಪಾದ ತೂರುವಷ್ಟು ಜಾಗವಿತ್ತು. ದವಾಖಾನೆಯ ಡಾಕ್ಟರು ಹೇಳಿದ್ದು ಆಗ ತಲೆಗೆ ಹೊಳೆಯಿತು. ಹೆಣದ ಬಲಗಾಲಿನ ಕೀಲಿನ ಸುತ್ತ ಚರ್ಮ ಸುಲಿದಿತ್ತು. ಮೀನು ತಿಂದಿರಬೇಕು ಅಂತ ಯಾರೋ ಅಂದಿದ್ದರು, ನಾವೂ ತಲೆಯಾಡಿಸಿದ್ದೆವು.

ಹಿಂದಿನ ವರ್ಷಗಳಲ್ಲಿ ದೇವರ ಹೂವು ನೀರಿನ ಜೊತೆ ಹರಿದು ಹೋಗುತ್ತಿತ್ತು, ಪರಶಪ್ಪ ಚಾಚಾನ ಹಿಂದೆ ಮಸೂತಿಗೆ ಹೋಗುತ್ತಿದ್ದ. ಈ ವರ್ಷ ಜಾಳಿಗೆ ಇತ್ತು. ದೇವರ ಹೂವು ಕಸದಲ್ಲಿ ಕೊಳೆಯಬಾರದೆಂದು ಅವನು ಒಬ್ಬನೇ ಉಳಿದ. ಎಳೆಯುವಾಗ ಕಾಲು ಕಂಬಿಯಲ್ಲಿ ಸಿಕ್ಕಿತು. ಸಾಯಲು ಹೊರಟವನು ಕಸ ಎಳೆಯುತ್ತಾ ನಿಲ್ಲುವುದಿಲ್ಲ.

ಆದರೆ ದೇವರು ನೀರಿಗೆ ಹೋದ ದಿನವೂ ನೀರು ಇಷ್ಟೇ ಇತ್ತು. ಪಂಜಾ ತೊಳೆಯಲು ಅನುಕೂಲವಾಗಲೆಂದು ಮೇಲಿನ ಗೇಟನ್ನು ಅವನೇ ಇಳಿಸಿದ್ದ. ಮೊಳಕಾಲುದ್ದ ನೀರಿನಲ್ಲಿ ಗಂಡಾಳು ಮುಳುಗುವುದಿಲ್ಲ. ಬೆಳಿಗ್ಗೆ ಹೆಣ ಸಿಕ್ಕಾಗ ಮಾತ್ರ ನೀರು ದಡ ಮುಟ್ಟಿತ್ತು.

"ಗೇಟ್ ಎತ್ತಿದ್ದು ಯಾರು?" ಅಂದ ಮೋದಿನಸಾಬ.

"ಹಿಡಿಕಿ ಇಲ್ಲದ ಗೇಟ್ ಎತ್ತಾಕ ಬರಂಗಿಲ್ಲ. ಹಿಡಿಕಿ ಇರೋದು ಪರಶಪ್ಪನ ಮನ್ಯಾಗ. ನಡಿ."

ಅಷ್ಟು ಚುರುಕಾಗಿ ಯಾಕೆ ಹೊರಟೆನೋ ಎಂದು ಈಗಲೂ ಅನಿಸುತ್ತದೆ. ಗುತ್ತಿಗೆದಾರನ ಆಳು ಕದ್ದು ಒಯ್ದಿರುತ್ತಾನೆ, ಒಂದು ಹೆಸರು ಸಿಗುತ್ತದೆ ಎಂಬ ಹುರುಪು ನನಗೆ.

ಪರಶಪ್ಪನ ಮನೆ ಕಾಲುವೆ ಓಣಿಯ ತುದಿಗೆ. ಮೋದಿನಸಾಬನನ್ನು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿ ನಾನೊಬ್ಬನೇ ಒಳಗೆ ಹೋದೆ. ಅವನ ಹೆಂಡತಿ ಮಾನವ್ವ ಗೋಡೆಗೆ ಒರಗಿ ಕೂತಿದ್ದಳು. ಬಾಯಿ ಗಟ್ಟಿಯ ಹೆಂಗಸು, ನೀರಿನ ನಳದ ಮುಂದೆ ಅವಳೆದುರು ನಿಲ್ಲುವವರಿರಲಿಲ್ಲ. ಈಗ ಮಾತು ಅವಳನ್ನು ಬಿಟ್ಟೇ ಹೋದ ಹಾಗಿತ್ತು. ಪಕ್ಕದ ಮನೆಯವರು ತಂದಿಟ್ಟ ರೊಟ್ಟಿ ಮುಟ್ಟದೆ ಒಣಗಿತ್ತು.

ನಾನು ಚೀಲದಿಂದ ಚಪ್ಪಲಿ ತೆಗೆದು ನೆಲದ ಮೇಲಿಟ್ಟೆ.

"ಯಕ್ಕಾ, ಈ ಚಪ್ಪಲಿ ಕಾಲುವಿಗೆ ಒಯ್ದವ್ರು ನೀವ."

ಅವಳು ಕಣ್ಣು ಮುಚ್ಚಿದಳು. ಇಲ್ಲ ಅನ್ನುತ್ತಾಳೆ ಅಂದುಕೊಂಡೆ.

"ಹೌದ್ರಿ," ಅಂದಳು. "ಪ್ರತಿ ವರ್ಷ ನಾನ ಒಯ್ಯೋದು. ಲಾಡಿ ತಗದು ನೀರಾಗ ಬಿಟ್ಟ ಮ್ಯಾಲೆ ಹಾಕ್ಕೊಂಡು ಬರ್ಲಿ ಅಂತ. ಅಷ್ಟು ದಿನ ಬರಿಗಾಲಾಗ ತಿರಗಿ ಹಿಮ್ಮಡಿ ಒಡದಿರ್ತಾವ."

"ಹಂಗಾದ್ರ ಅವ್ರನ್ನ ನೋಡಿದ್ರಿ?"

"ನೋಡಿದೆ. ಬ್ರಿಜ್ಜಿನ ಕೆಳಗ ಬಗ್ಗಿ ನಿಂತಿದ್ರು. ನನ್ನ ಕಡೆ ಬೆನ್ನಿತ್ತು."

"ಕರೀಲಿಲ್ಲ?"

ಮಾನವ್ವ ಸೆರಗಿನಿಂದ ಬಾಯಿ ಒತ್ತಿ ಹಿಡಿದಳು.

"ಮಧ್ಯಾಹ್ನ ಜಗಳಾಡಿದ್ದೆ, ಸಾಹೇಬ್ರ. ನನ್ನ ಮಗ ಉಮೇಶ ಗೋವಾದಾಗ ಗಾರೆ ಕೆಲಸ ಮಾಡಿ, ಹೊತ್ತಿಗೆ ಉಣಲಾರದ ಸಣ್ಣಾಗಿ ಬಂದಾನ. ಇಲ್ಲೇ ದೋಣಿ ಮ್ಯಾಲೆ ಕೆಲಸ ಸಿಕ್ಕೈತಿ, ಊರಾಗ ಇರ್ತಾನ. ಅದಕ್ಕ ಇವ್ರ ಅಡ್ಡ ಬರ್ತಾರ ಅಂದ್ರ ನನಗ ತಡಕೊಳ್ಳಾಕ ಆಗಲಿಲ್ಲ. ನಿನ್ನ ಕಾಲುವಿ ಕಟ್ಕೊಂಡು ಅದರಾಗ ಬಿದ್ದು ಸಾಯಿ ಅಂದೆ. ಹಂಗ ಅಂದ ಬಾಯಿಂದ ಮತ್ತ ಹ್ಯಾಂಗ ಕರೀಲಿ? ಚಪ್ಪಲಿ ಮೆಟ್ಟಿಲ ಮ್ಯಾಲೆ ಇಟ್ಟು ಸುಮ್ನ ಹೊಳ್ಳಿ ಬಂದೆ. ಮರುದಿನ ಹೆಣ ಬಂತು. ನಾನ ಕೊಂದೆ. ಮಂದಿಗೆ ಗೊತ್ತಿಲ್ಲ, ನನಗ ಗೊತ್ತೈತಿ."

ಅದಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ ಇವಳು. ನಾನು ಇವಳ ಬಗ್ಗೆಯೂ ಸಂಶಯ ಪಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು.

"ಯಕ್ಕಾ, ಇಲ್ಲಿ ಕೇಳ್ರಿ. ಪರಶಪ್ಪ ತಾನಾಗಿ ಬಿದ್ದಿಲ್ಲ."

ಅವಳು ತಲೆ ಎತ್ತಿದಳು.

ಕೊಕ್ಕೆಯ ವಿಷಯ ಹೇಳಿದೆ. ಜಾಳಿಗೆಯ ವಿಷಯ, ಕಾಲು ಸಿಕ್ಕಿದ ವಿಷಯ ಹೇಳಿದೆ. ದೇವರ ಹೂವು ತೆಗೆಯುತ್ತಾ ನಿಂತಿದ್ದ, ಮನೆಗೆ ಬರುವವನೇ ಇದ್ದ, ನಿಮ್ಮ ಮಾತಿಗೂ ಅವನ ಸಾವಿಗೂ ಸಂಬಂಧವಿಲ್ಲ ಅಂದೆ.

"ಖರೇನ?"

"ಖರೇ."

"ನನ್ನ ಮಾತಿಗಿ ಅಲ್ಲ?"

"ಅಲ್ರಿ ಯಕ್ಕಾ. ಹೆಂಡ್ತಿ ಬೈದದ್ದಕ್ಕ ಸಾಯೋನಾಗಿದ್ರ ಅವ ಮದುವಿ ಆದ ವರ್ಷನ ಸಾಯ್ತಿದ್ದ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಆಮೇಲೆ ಜೋರಾಗಿ ಅತ್ತಳು. ಎದೆಯ ಮೇಲಿನ ಬೀಸುಕಲ್ಲು ಇಳಿಸಿದವರ ಅಳು ಅದು. ಕಣ್ಣು ಒರೆಸಿಕೊಂಡು ಎದ್ದಳು, ಒಲೆಗೆ ಪುಳ್ಳಿ ಇಟ್ಟಳು. "ಚಾ ಕುಡದ ಹೋಗ್ಬೇಕು ನೀವು. ನಮ್ಮವ್ವ ಲಕ್ಕಲಕಟ್ಟಿಯಿಂದ ಬೆಲ್ಲ ಕಳಿಸ್ಯಾಳ," ಅಂದಳು. ಒಣಗಿದ ರೊಟ್ಟಿಯ ಚೂರನ್ನು ಮುರಿದು ತನಗೆ ಗೊತ್ತಿಲ್ಲದೆಯೇ ಬಾಯಿಗೆ ಹಾಕಿಕೊಂಡಳು. ಇಟಗಿ ಭೀಮವ್ವನಿಗೆ ಕಾಯಿ ಒಡೆಸುತ್ತೇನೆ, ನಿಮ್ಮ ಹೊಟ್ಟೆ ತಣ್ಣಗಿರಲಿ ಅಂದಳು.

ಆ ಚಹಾ ಕುಡಿದು ನಾನು ಎದ್ದು ಬರಬೇಕಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಒಬ್ಬರ ಮನೆಗೆ ಹೋಗಿ ಒಳ್ಳೆಯ ಮಾತು ಹೇಳಿದ್ದು ಅದೇ ಮೊದಲಿರಬೇಕು. ಅಷ್ಟಕ್ಕೆ ಬಿಡಬೇಕಿತ್ತು.

"ಯಕ್ಕಾ, ಗೇಟಿನ ಹಿಡಿಕಿ ಎಲ್ಲಿರ್ತದ?" ಅಂದೆ.

"ಅಲ್ಲೇ ಮೂಲ್ಯಾಗ ನಿಲ್ಲಿಸೇನಲ್ರಿ."

ನಿಜ. ಕೀಲೆಣ್ಣೆ ಹಚ್ಚಿದ ಕಬ್ಬಿಣದ ಹಿಡಿಕೆ ಮೂಲೆಯಲ್ಲಿ ಗೋಡೆಗೆ ಆನಿಸಿ ನಿಂತಿತ್ತು.

"ಅವತ್ತ ಸಂಜಿಕೆ ಯಾರರೆ ಬಂದು ಕೇಳಿದ್ರೇನು? ದೋಣಿ ಗುತ್ತಿಗಿಯವ್ರು ಬಂದಿದ್ರೇನು?"

"ಹೊರಗಿನವ್ರ ಕೈಯಾಗ ಕೊಡ್ತೀನೇನ್ರಿ ನಾನು?" ಒಲೆ ಊದುತ್ತಲೇ ಅವಳು ಅಂದಳು. ದನಿಯಲ್ಲಿ ಹಳೆಯ ಮಾನವ್ವ ಸ್ವಲ್ಪ ಸ್ವಲ್ಪವಾಗಿ ಮರಳಿ ಬರುತ್ತಿದ್ದಳು. "ನಮ್ಮ ಉಮೇಶನ ಒಯ್ದಿದ್ದ. ದೋಣಿ ತೇಲಿಸಿ ನೋಡಬೇಕು, ನೀರು ತುಂಬಬೇಕು ಅಂದ. ಅವರಪ್ಪ ಅದನ್ನ ಮುಟ್ಟಾಕ ಬಿಡ್ತಿರಲಿಲ್ಲ. ಅಪ್ಪ ದೇವರ ಸಂಗಾಟ ಹೋಗ್ಯಾನ, ಲಗೂ ಒಯ್ಯಿ ಅಂತ ನಾನ ಕೈಯಾರೆ ತಗದು ಕೊಟ್ಟೆ. ದೇವರು ಹೊಳ್ಳಿ ಬರುವಾಗ ದಾರ್‍ಯಾಗ ಕಾಶೀಂಸಾಬ ಚಾಚಾನ ಕೇಳಿದ್ನಂತ, ಅಪ್ಪ ಎಲ್ಲಿ ಅಂತ. ಹಿಂದ ಬರಾಕತ್ಯಾನ ಅಂದ್ರಂತ. ಆಮ್ಯಾಲೆ ಹೋಗಿ ಒಬ್ಬನ ಗೇಟ್ ಎತ್ತಿ..."

ಊದುವುದು ನಿಂತಿತು.

ಚಾಚಾನಿಗೆ ಯಾಕೆ ನೆನಪಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಪಂಜಾ ಹಿಡಿದ ಆ ಮುದುಕರು ನನಗಿಂತ ಮೊದಲೇ ಇದನ್ನು ಲೆಕ್ಕ ಹಾಕಿ, ನುಂಗಿಕೊಂಡು ಕೂತಿದ್ದರು. ನಾನು ಮಾತ್ರ ಕೆದಕುತ್ತಾ ಬಂದಿದ್ದೆ.

ಮಾನವ್ವ ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಸಾಹೇಬ್ರ, ಕಾಲು ಸಿಕ್ಕಾಗ ನೀರು ಎಷ್ಟಿತ್ರಿ?"

ನಾನು ಮೂಲೆಯಲ್ಲಿದ್ದ ಹಿಡಿಕೆಯ ಕಡೆ ನೋಡಿದೆ.

"ಹೇಳ್ರಿ."

"ಮೊಳಕಾಲತನಕ."

ಚಹಾದ ನೀರು ಕುದಿದು ಒಲೆಯೊಳಗೆ ಉಕ್ಕಿತು. ಅವಳು ನೋಡಲೂ ಇಲ್ಲ. ನೆಲದ ಮೇಲೆ ಕೂತವಳು ಹಾಗೇ ಸರಿದು ಬಂದು ನನ್ನ ಎರಡೂ ಕಾಲು ಹಿಡಿದುಕೊಂಡಳು. ನಾನು ಹಿಂದೆ ಸರಿದೆ, ಗೋಡೆ ತಾಗಿತು.

"ಸಾಹೇಬ್ರ, ಅವ್ರು ತಾವ ಬಿದ್ದು ಸತ್ತ್ರು ಅಂತ ಬರ್ಕೊಳ್ರಿ."

"ಯಕ್ಕಾ, ಏಳ್ರಿ."

"ನಾ ಬೈದೆ, ಅದಕ್ಕ ಬಿದ್ರು. ಹಂಗ ಬರ್ಕೊಳ್ರಿ. ಊರ ಮುಂದ ಹೇಳ್ತೀನಿ, ನಿಮ್ಮ ದೊಡ್ಡ ಸಾಹೇಬ್ರ ಮುಂದ ಹೇಳ್ತೀನಿ. ಗಂಡನ್ನ ತಿಂದಾಕಿ ಅಂತ ಎಲ್ಲಾರೂ ಉಗುಳ್ಲಿ, ನಾ ಉಗುಳಿಸ್ಕೊಂತೀನಿ. ನನ್ನ ಮಗಗ ಇದು ಗೊತ್ತಾಗಬಾರ್ದು. ತಾನ ಅಪ್ಪನ್ನ ನೀರಾಗ ಮುಳುಗಿಸಿದೆ ಅಂತ ಗೊತ್ತಾದ್ರ ಅವ ಉಳಿಯಂಗಿಲ್ಲ. ಅವಗ ಏನೂ ಗೊತ್ತಿಲ್ರಿ. ಅಪ್ಪ ಮನಿಗೆ ಹೋದ ಅಂತ ತಿಳಕೊಂಡ ಎತ್ಯಾನ."

ಸ್ವಲ್ಪ ಹೊತ್ತಿನ ಹಿಂದೆ ನಾನು ಇಳಿಸಿದ ಭಾರವನ್ನು ಅವಳೇ ಎಳೆದು ಮತ್ತೆ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಳು. ಮಾಡುವುದು ಬಹಳ ಸುಲಭವಿತ್ತು. ನಾನು ಏನನ್ನೂ ಹೇಳದಿದ್ದರೆ ಸಾಕಿತ್ತು. ನಮ್ಮ ಸಾಹೇಬರು ಖುಷಿಯಾಗುತ್ತಿದ್ದರು, ಭಾನುವಾರ ಬ್ಯಾಂಡು ಬಾರಿಸುತ್ತಿತ್ತು, ಉಮೇಶ ಹಂಸದ ದೋಣಿಯಲ್ಲಿ ಮಂತ್ರಿಗಳನ್ನು ಕೂಡಿಸಿಕೊಂಡು ಒಂದು ಸುತ್ತು ಹಾಕುತ್ತಿದ್ದ. ತಪ್ಪು ಯಾರದು ಅಂತ ಹುಡುಕಿದರೂ ನನಗೆ ಸಿಗುತ್ತಿದ್ದದ್ದು ಕರೆಯದೆ ಬಂದ ಒಬ್ಬ ಹೆಂಡತಿ, ತಿರುಗಿ ನೋಡದ ಒಬ್ಬ ಗೆಳೆಯ, ಅಪ್ಪ ಎಲ್ಲಿ ಎಂದು ಕೇಳಿಯೇ ಗೇಟು ಎತ್ತಿದ ಒಬ್ಬ ಮಗ. ಮೂವರೂ ಆ ಮನುಷ್ಯನನ್ನು ಪ್ರೀತಿಸಿದವರೇ. ಯಾರ ಕೈಗೆ ಬೇಡಿ ಹಾಕಲಿ?

"ಆತು, ಯಕ್ಕಾ," ಅಂದೆ. ಪೊಲೀಸ್ ಬಟ್ಟೆ ತೊಟ್ಟುಕೊಂಡು ಅನ್ನಬಾರದ ಮಾತು. ಆದರೂ ಅಂದೆ. "ಆತು, ಏಳ್ರಿ. ಉಮೇಶಗ ನಾ ಏನೂ ಹೇಳಂಗಿಲ್ಲ."

ಅವಳು ನನ್ನ ಕಾಲು ಬಿಟ್ಟಳು. ಆಗ ಅವಳ ನೋಟ ನನ್ನನ್ನು ದಾಟಿ ಬಾಗಿಲ ಕಡೆ ಹೋಯಿತು, ಅಲ್ಲೇ ನಿಂತಿತು.

ಉಮೇಶ ಹೊಸ್ತಿಲ ಹೊರಗೆ ನಿಂತಿದ್ದ. ದೋಣಿಯವರು ಕೊಟ್ಟ ಕೇಸರಿ ಬಣ್ಣದ ಲೈಫ್ ಜಾಕೆಟ್ಟನ್ನು ಇನ್ನೂ ಬಿಚ್ಚಿರಲಿಲ್ಲ. ಯಾವಾಗ ಬಂದನೋ, ಎಷ್ಟು ಕೇಳಿದನೋ. ಅವನ ಹಿಂದೆ ಮೋದಿನಸಾಬ ಕೈಚೆಲ್ಲಿ ನಿಂತಿದ್ದ, ತಡೆಯಲು ಆಗಲಿಲ್ಲ ಅನ್ನುವ ಹಾಗೆ.

"ಅವ್ವಾ, ಏಳು," ಅಂದ ಉಮೇಶ. ಅವನ ಕಣ್ಣಲ್ಲಿ ನೀರಿರಲಿಲ್ಲ. ನಿದ್ದೆ ಇಲ್ಲದ ಮುಖ. "ನನ್ನ ಸಲುವಾಗಿ ಯಾರ ಕಾಲೂ ಹಿಡೀಬ್ಯಾಡ."

"ನೀ ಒಳಗ ಹೋಗು ಉಮೇಶಾ," ಅಂದಳು ಅವಳು. "ನಿನಗ ಗೊತ್ತಿಲ್ಲ. ನೀ ಹೋಗು."

ಅವನು ಹೋಗಲಿಲ್ಲ. ನನ್ನ ಮುಂದೆ ಬಂದು ಎರಡೂ ಕೈ ಮುಂದೆ ಮಾಡಿ ನಿಂತ.

"ಅಪ್ಪ ಕೂಗಿದ್ದು ನನಗ ಕೇಳಿಸಿತ್ರಿ, ಸಾಹೇಬ್ರ," ಅಂದ. "ಗೇಟ್ ಅರ್ಧಾ ಎತ್ತಿದ್ದೆ. ಕೇಳಿಸಿದ ಮ್ಯಾಲೂ ಉಳಿದ ಅರ್ಧಾ ಎತ್ತಿದೆ."